ಚಳಿ ಇರುವುದು ಕಮಾನಿನಲ್ಲಿ: ವಿವಾಲ್ಡಿಯ ‘ಚಳಿಗಾಲ’ ನುಡಿಸಿದ ನನ್ನ ಅನುಭವ

ಇಟಲಿಯ ಸಂಗೀತಕಾರ ವಿವಾಲ್ಡಿ ಪಿಟೀಲಿಗೆಂದು ಬರೆದ ‘ಚಳಿಗಾಲ’ ಅಂದರೆ ಹೆಚ್ಚಿನವರಿಗೆ ಮೊದಲು ಹೊಳೆಯುವುದು ವೇಗ. ನಾನೂ ಅಭ್ಯಾಸ ಶುರುಮಾಡಿದ್ದು ಎಡಗೈ ಬೆರಳುಗಳ ವೇಗದಿಂದಲೇ. ಸ್ವರಗಳು ಕೂತವು, ಚಳಿ ಹುಟ್ಟಲಿಲ್ಲ. ಈ ಕಾನ್ಚೆರ್ಟೊದಲ್ಲಿ (ಒಂಟಿ ವಾದ್ಯ ಮತ್ತು ವಾದ್ಯತಂಡಕ್ಕೆ ಬರೆದ ಕೃತಿ) ನಡುಕ, ಗಾಳಿ, ಹಲ್ಲಿನ ಕಟಕಟ, ಮಂಜುಗಡ್ಡೆಯ ಮೇಲಿನ ಜಾರಿಕೆ ಎಲ್ಲವೂ ಬಲಗೈಯ ಕೆಲಸ. ಕಮಾನಿನ ಎಷ್ಟು ಸೆಂಟಿಮೀಟರ್ ಬಳಸುತ್ತೀರಿ, ಎಲ್ಲಿ ನಿಲ್ಲಿಸುತ್ತೀರಿ, ತಂತಿಯ ಮೇಲೆ ಎಷ್ಟು ಭಾರ ಬಿಡುತ್ತೀರಿ, ಇಷ್ಟೇ ಲೆಕ್ಕ. ಎಡಗೈ ಅಡ್ಡ ಬರದಿದ್ದರೆ ಸಾಕು.

ಕೃತಿಯ ವಿವರ ಚುಟುಕಾಗಿ ಹೇಳಿಬಿಡುತ್ತೇನೆ. ಎಫ್ ಮೈನರ್ ಶ್ರುತಿ, ಓಪಸ್ 8 ಎಂಬ ಸಂಪುಟದ ನಾಲ್ಕನೆಯ ಕಾನ್ಚೆರ್ಟೊ, ವಿವಾಲ್ಡಿ ಕೃತಿಸೂಚಿಯ ಸಂಖ್ಯೆ ಆರ್‌ವಿ 297. ಓಪಸ್ 8ರ 12 ಕಾನ್ಚೆರ್ಟೊಗಳನ್ನು 1725ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರಕಾಶಕ ಲ ಸೆನ್ ಅಚ್ಚುಹಾಕಿಸಿದ. ಅರ್ಪಣೆ ಬೊಹೀಮಿಯಾದ ಕೌಂಟ್ ಮೊರ್ಜಿನ್‌ಗೆ. ಮೂರು ಭಾಗ: ಅಲ್ಲೆಗ್ರೊ ನಾನ್ ಮೋಲ್ತೊ (ಅತಿಯಾಗದ ಚುರುಕು), ಲಾರ್ಗೊ (ವಿಳಂಬ), ಅಲ್ಲೆಗ್ರೊ (ಚುರುಕು). ಅಚ್ಚಾದದ್ದು ಪೂರ್ಣ ಸ್ವರಲಿಪಿಯಾಗಿ ಅಲ್ಲ, ಒಂದೊಂದು ವಾದ್ಯಕ್ಕೆ ಒಂದೊಂದು ಪುಸ್ತಿಕೆಯಾಗಿ. ಬಾಸ್ ಪುಸ್ತಿಕೆಯ ಮೇಲೆ ‘ಆರ್ಗನ್ ಮತ್ತು ಚೆಲ್ಲೊ’ ಎಂದಿದೆ. ಹಾರ್ಪ್ಸಿಕಾರ್ಡ್ (ತಂತಿ ಮೀಟುವ ಹಳೆಯ ಕೀಬೋರ್ಡ್) ಸಿಗಲಿಲ್ಲವೆಂದು ಕೊರಗುವವರಿಗೆ ಇಷ್ಟು ಗೊತ್ತಿದ್ದರೆ ಸಮಾಧಾನ. ಇದಲ್ಲದೆ ಮ್ಯಾಂಚೆಸ್ಟರಿನ ಗ್ರಂಥಾಲಯವೊಂದರಲ್ಲಿ ಕೈಬರಹದ ಪುಸ್ತಿಕೆಗಳೂ ಇವೆ, ಅಲ್ಲಲ್ಲಿ ಅಚ್ಚಿನ ಪಾಠಕ್ಕಿಂತ ಬೇರೆಯಾಗಿವೆ. ಅಂಗಡಿಯಲ್ಲಿ ಸಿಗುವ ಹಳೆಯ ವಿದ್ಯಾರ್ಥಿ ಆವೃತ್ತಿಗಳಲ್ಲಿ ಸಂಪಾದಕರು ಸೇರಿಸಿದ, ಹಲವು ಸ್ವರಗಳನ್ನು ಒಂದೇ ಕಮಾನೆಳೆತಕ್ಕೆ ಕೂಡಿಸುವ ಸ್ಲರ್‌ಗಳು, ದನಿಯ ಜೋರು-ಮೆಲ್ಲಗಿನ ಗುರುತುಗಳು ವಿವಾಲ್ಡಿಯವೇ ಎಂಬಂತೆ ಕೂತಿರುತ್ತವೆ. ನಾನು ಲ ಸೆನ್ ಅಚ್ಚಿನ ಛಾಯಾಪ್ರತಿಯನ್ನು ಅಂತರ್ಜಾಲದ ಸ್ವರಲಿಪಿ ಸಂಗ್ರಹ ಐಎಂಎಸ್‌ಎಲ್‌ಪಿಯಿಂದ ಇಳಿಸಿಕೊಂಡು, ಕೊಂಡ ಪ್ರತಿಯ ಪಕ್ಕದಲ್ಲಿಟ್ಟು, ಅಚ್ಚಿನಲ್ಲಿಲ್ಲದ ಪ್ರತಿಯೊಂದು ಸ್ಲರ್ ಮೇಲೂ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದೆ. ಎರಡು ಸಂಜೆಯ ಕೆಲಸ. ಮುಂದಿನ ಎಲ್ಲ ಕಮಾನು ನಿರ್ಧಾರಗಳೂ ಇದರ ಮೇಲೆ ನಿಂತಿದ್ದರಿಂದ ಆ ಎರಡು ಸಂಜೆ ಉಳಿಸಲು ಹೋಗಬಾರದು.

ಓಪಸ್ 8ರ ಮೊದಲ ನಾಲ್ಕು ಕಾನ್ಚೆರ್ಟೊಗಳೇ ‘ನಾಲ್ಕು ಋತುಗಳು’. ಒಂದೊಂದಕ್ಕೂ ಒಂದೊಂದು ಸಾನೆಟ್ (ಹದಿನಾಲ್ಕು ಸಾಲಿನ ಕವಿತೆ) ಇದೆ. ಸಾನೆಟ್ಟಿನ ಸಾಲುಗಳನ್ನು ಅಕ್ಷರದ ಗುರುತು ಹಾಕಿ ಸಂಗೀತದ ಆಯಾ ಜಾಗಕ್ಕೆ ಅಂಟಿಸಿದ್ದಾರೆ. ಯಾರು ಬರೆದದ್ದೆಂದು ಹೆಸರಿಲ್ಲ, ವಿವಾಲ್ಡಿಯದೇ ಇರಬೇಕು ಎನ್ನುವವರು ಬಹಳ. ಕವಿತೆಯಾಗಿ ಅದು ಸಾಧಾರಣ. ನುಡಿಸುವವರಿಗೆ ಮಾತ್ರ ಚಿನ್ನ. ಮೊದಲ ಭಾಗಕ್ಕೆ: ಹಿಮದ ನಡುವೆ ಮರಗಟ್ಟಿ ನಡುಗುವುದು, ಭೀಕರ ಗಾಳಿ, ಕಾಲು ಬಡಿಯುತ್ತ ಓಡುವುದು, ವಿಪರೀತ ಚಳಿಗೆ ಹಲ್ಲು ಕಡಿಯುವುದು. ಎರಡನೆಯದಕ್ಕೆ: ಹೊರಗೆ ಮಳೆ ಜನರನ್ನು ತೋಯಿಸುತ್ತಿರುವಾಗ ಒಳಗೆ ಬೆಂಕಿಯ ಬಳಿ ನೆಮ್ಮದಿ. ಮೂರನೆಯದಕ್ಕೆ: ಮಂಜುಗಡ್ಡೆಯ ಮೇಲೆ ಹುಷಾರಾಗಿ ನಡೆಯುವುದು, ಜಾರಿ ಬೀಳುವುದು, ಎದ್ದು ಓಡುವುದು, ಗಡ್ಡೆ ಬಿರಿಯುವುದು, ಗಾಳಿಗಳ ಕದನ. ಇವನ್ನೆಲ್ಲ ಕನ್ನಡದಲ್ಲಿ ಬರೆದು ನನ್ನ ಪುಸ್ತಿಕೆಯ ಆಯಾ ಬಾರ್ (ತಾಳದ ಒಂದು ಆವರ್ತ) ಮೇಲೆ ಅಂಟಿಸಿಕೊಂಡೆ. ವಿವಾಲ್ಡಿಯ ಊರು ವೆನಿಸ್ಸಿನಲ್ಲಿ ಮಂಜುಗಡ್ಡೆ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. 1709ರ ಚಳಿಯಲ್ಲಿ ಅಲ್ಲಿನ ಹಿನ್ನೀರು ಲಗೂನ್ ಹೆಪ್ಪುಗಟ್ಟಿ ಜನ ಅದರ ಮೇಲೆ ನಡೆದಾಡಿದ್ದರು, ಆಗ ವಿವಾಲ್ಡಿಗೆ ಮೂವತ್ತರ ಆಸುಪಾಸು.

ಈಗ ಶ್ರುತಿಯ ವಿಷಯ. ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಎಫ್ ಸ್ವರವನ್ನು ಷಡ್ಜ ಎಂದುಕೊಳ್ಳಿ. ಎಫ್ ಮೈನರಿನ ಸ್ವರಗಳು ನಠಭೈರವಿಯವು. ನಿಷಾದ ಕಾಕಲಿಗೆ ಏರಿದಾಗ ಕೀರವಾಣಿಯವು. ಪಾಶ್ಚಾತ್ಯ ಪಿಟೀಲಿನ ಬಿಡಿತಂತಿಗಳು (ಬೆರಳಿಡದೆ ನುಡಿಯುವ ತಂತಿಗಳು) ಜಿ, ಡಿ, ಎ, ಇ. ಈ ಷಡ್ಜಕ್ಕೆ ಜಿ ಚತುಶ್ರುತಿ ರಿಷಭವಾಗುತ್ತದೆ, ಸರಿ. ಡಿ ಚತುಶ್ರುತಿ ಧೈವತ, ಎ ಅಂತರ ಗಾಂಧಾರ: ಎರಡೂ ಈ ಸ್ವರಗುಂಪಿನಲ್ಲಿಲ್ಲ. ಇ ಕಾಕಲಿ ನಿಷಾದ, ಅದೂ ಬಂದುಹೋಗುವ ನೆಂಟ. ಅಂದರೆ ಎಫ್, ಸಿ, ಎ ಫ್ಲಾಟ್ (ಎಗಿಂತ ಅರ್ಧಸ್ವರ ಕೆಳಗಿನದು) ಎಂಬ ಮುಖ್ಯ ಸ್ವರಗಳಲ್ಲಿ ಒಂದಕ್ಕೂ ತೆರೆದ ತಂತಿಯ ಮಾರುದನಿ ಇಲ್ಲ. ವಾದ್ಯದ ಹೊಟ್ಟೆ ಅನುರಣಿಸುವುದಿಲ್ಲ, ದನಿ ಒಣಗಿ ನಿಲ್ಲುತ್ತದೆ. ವಿವಾಲ್ಡಿ ಸ್ವತಃ ಪಿಟೀಲುಗಾರ, ಅವನ ತಂದೆಯೂ ವೆನಿಸ್ಸಿನ ಸಾನ್ ಮಾರ್ಕೊ ಚರ್ಚಿನ ಪಿಟೀಲುಗಾರ. ಈ ಶ್ರುತಿ ಕಣ್ಣುಮುಚ್ಚಿ ಆರಿಸಿದ್ದಲ್ಲ. ಹಾಗಾಗಿ ‘ದನಿ ದುಂಡಗೆ ಬರುತ್ತಿಲ್ಲ’ ಎಂದು ವಾದ್ಯದ ಮೇಲೆ ಸಿಟ್ಟಾಗಬೇಡಿ, ಬಾರದಿರುವುದೇ ಸರಿ. ಅದನ್ನು ಸರಿಪಡಿಸಲು ಎಡಗೈಯನ್ನು ಸದಾ ಅಲುಗಿಸಿ ವೈಬ್ರಾಟೊ ತುಂಬಿಸಿದರೆ ಮೊದಲ ಪುಟದಲ್ಲೇ ಹಿಮ ಕರಗಿಹೋಯಿತು.

ಬೆರಳಿಡುವ ವಿಧಾನದಲ್ಲಿ ನನಗೆ ಅತಿ ಹೆಚ್ಚು ಸಹಾಯ ಮಾಡಿದ್ದು ಅರ್ಧ ಪೊಸಿಷನ್. ಪೊಸಿಷನ್ ಅಂದರೆ ವಾದ್ಯದ ಕತ್ತಿನ ಮೇಲೆ ಎಡಗೈ ಕೂರುವ ಜಾಗ. ಮೊದಲ ಪೊಸಿಷನ್ನಿನಿಂದ ಇಡೀ ಕೈಯನ್ನು ಅರ್ಧಸ್ವರ ಹಿಂದಕ್ಕೆ, ಬಿರಡೆಗಳ ಕಡೆಗೆ ತನ್ನಿ. ಆಗ ಜಿ ತಂತಿಯ ನಾಲ್ಕು ಬೆರಳಿಗೆ ಎ ಫ್ಲಾಟ್, ಬಿ ಫ್ಲಾಟ್, ಸಿ, ಡಿ ಫ್ಲಾಟ್; ಡಿ ತಂತಿಯಲ್ಲಿ ಇ ಫ್ಲಾಟ್, ಎಫ್, ಜಿ, ಎ ಫ್ಲಾಟ್; ಎ ತಂತಿಯಲ್ಲಿ ಬಿ ಫ್ಲಾಟ್, ಸಿ, ಡಿ ಫ್ಲಾಟ್, ಇ ಫ್ಲಾಟ್; ಇ ತಂತಿಯಲ್ಲಿ ಎಫ್, ಜಿ, ಎ ಫ್ಲಾಟ್, ಬಿ ಫ್ಲಾಟ್. ಬಿಡಿತಂತಿಯನ್ನೇ ಮುಟ್ಟದೆ ಇಡೀ ಸ್ವರಶ್ರೇಣಿ ಕೈಯಡಿ ಬಂತು. ಅರ್ಧಸ್ವರದ ಜಾಗ ನೆನಪಿಡಿ: ಕೆಳಗಿನ ಎರಡು ತಂತಿಗಳಲ್ಲಿ ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವೆ, ಮೇಲಿನ ಎರಡರಲ್ಲಿ ಎರಡನೇ ಮತ್ತು ಮೂರನೇ ಬೆರಳಿನ ನಡುವೆ. ಮೊದಲ ಎರಡು ವಾರ ದಿನಕ್ಕೆ 15 ನಿಮಿಷ ಇದನ್ನೇ, ಕಣ್ಣುಮುಚ್ಚಿ, ಒಂದೊಂದು ಸ್ವರವನ್ನು ಟ್ಯೂನರಿನ ಎಫ್ ದನಿಯ ಮೇಲೆ ನಿಲ್ಲಿಸಿ ಮಾಡಿದೆ. ಇಲ್ಲಿ ಹೆಬ್ಬೆರಳು ಸಾಮಾನ್ಯವಾಗಿ ಎಡವಟ್ಟು ಮಾಡುತ್ತದೆ: ಬೆರಳುಗಳು ಹಿಂದೆ ಸರಿದರೂ ಹೆಬ್ಬೆರಳು ಮೊದಲ ಪೊಸಿಷನ್ನಿನಲ್ಲೇ ಅಂಟಿಕೊಂಡಿದ್ದು, ನಾಲ್ಕನೇ ಬೆರಳು ತಾನಾಗಿಯೇ ಮೇಲೆ ತೇಲುತ್ತದೆ. ಹೆಬ್ಬೆರಳೂ ಕೈಯ ಜೊತೆ ಸರಿಯಬೇಕು.

ಕೀಬೋರ್ಡ್ ಜೊತೆ ಸೇರುವಾಗ ಇನ್ನೊಂದು ತೊಡಕು ಕಾದಿರುತ್ತದೆ. ಕೆಲವರು ‘ಬರೋಕ್ (ವಿವಾಲ್ಡಿಯ ಕಾಲದ ಶೈಲಿ) ಅಂದಮೇಲೆ ಮೀನ್‌ಟೋನ್’ ಎಂದು, ಕೆಲವೇ ಶ್ರುತಿಗಳಲ್ಲಿ ಇಂಪಾಗುವ ಹಳೆಯ ಹೊಂದಾಣಿಕೆಯಾದ ಕಾಲು-ಕಾಮಾ ಮೀನ್‌ಟೋನ್ ಶ್ರುತಿ ಹಾಕಿಬಿಡುತ್ತಾರೆ. ಆ ಪದ್ಧತಿಯಲ್ಲಿ ಎ ಫ್ಲಾಟ್ ಇಲ್ಲ, ಜಿ ಶಾರ್ಪ್ (ಜಿಗಿಂತ ಅರ್ಧಸ್ವರ ಮೇಲಿನದು) ಇದೆ. ಎಫ್‌ನಿಂದ ಜಿ ಶಾರ್ಪ್‌ವರೆಗೆ ಸುಮಾರು 269 ಸೆಂಟ್ (ಒಂದು ಸೆಂಟ್ ಅಂದರೆ ಅರ್ಧಸ್ವರದ ನೂರರಲ್ಲೊಂದು ಪಾಲು). ಶುದ್ಧ ಮೈನರ್ ಥರ್ಡ್ (ಎಫ್‌ನಿಂದ ಎ ಫ್ಲಾಟ್‌ವರೆಗಿನ ಅಂತರ) ಬೇಕಿದ್ದರೆ 316. ಮೊದಲ ಮೇಳಸ್ವರವೇ ಊಳಿಡುತ್ತದೆ, ಅದು ಚಳಿಯ ಪರಿಣಾಮವಲ್ಲ, ಬರೀ ತಪ್ಪು. ಎಲ್ಲ ಶ್ರುತಿಗಳಲ್ಲೂ ನುಡಿಸಬಹುದಾದ ವಲ್ಲೋತ್ತಿ ಪದ್ಧತಿ ಹಾಕಿದರೆ ಅದೇ ಅಂತರ 294ಕ್ಕೆ ಬರುತ್ತದೆ. ಇನ್ನೂ ಬಿಗಿಯಾಗಿಯೇ ಇರುತ್ತದೆ, ಆದರೆ ಸಹಿಸುವಷ್ಟು, ಈ ಕೃತಿಗೆ ಹೊಂದುವಷ್ಟು. ಪಿಟೀಲಿನವರು ಶುದ್ಧ ಗಾಂಧಾರದ ಆಸೆಗೆ ಎ ಫ್ಲಾಟ್ ಅನ್ನು ಎತ್ತಿ ಹಿಡಿದರೆ ಕೀಬೋರ್ಡಿಗೂ ಅವರಿಗೂ 22 ಸೆಂಟ್ ಜಗಳ. ನಾನು ಕೀಬೋರ್ಡಿನ ಕಡೆಗೇ ಬಗ್ಗಿದೆ, ಎ ಫ್ಲಾಟ್ ತುಸು ತಗ್ಗಿಸಿದೆ. ಡಿಜಿಟಲ್ ಕೀಬೋರ್ಡ್ ಆದರೆ ಅದರ ಮೆನುವಿನಲ್ಲಿ ಶ್ರುತಿಪದ್ಧತಿ ಬದಲಿಸುವ ಜಾಗ ಇದೆಯೇ ನೋಡಿ. ವಲ್ಲೋತ್ತಿ ಇಲ್ಲದಿದ್ದರೆ ಸಮಶ್ರುತಿಯಲ್ಲೇ (ಎಲ್ಲ ಅರ್ಧಸ್ವರಗಳೂ ಸಮನಾದ ಇಂದಿನ ಪದ್ಧತಿ) ಬಿಡಿ. ಎ=415 (ಎ ಸ್ವರಕ್ಕೆ ಸೆಕೆಂಡಿಗೆ 415 ಕಂಪನ) ಇರಲೇಬೇಕೆಂಬ ಹಟವೂ ಬೇಡ. 415 ಎಂಬುದು ನಮ್ಮ ಕಾಲದವರು ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ. ವೆನಿಸ್ಸಿನ ಶ್ರುತಿ ಅದಕ್ಕಿಂತ ಎತ್ತರವಿತ್ತೆಂದೇ ಬಲ್ಲವರ ಅಭಿಪ್ರಾಯ. ನಾನು 440ರಲ್ಲಿ ನುಡಿಸಿದೆ.

ತಂತಿಗಳ ಬಗ್ಗೆ. ಕರುಳಿನ ತಂತಿಯಲ್ಲಿ ಮಾತು ಸ್ಪಷ್ಟವಾಗುತ್ತದೆ, ಪ್ರತಿ ಸ್ವರದ ಮೊದಲಲ್ಲಿ ಒಂದು ‘ಕ್’ ಸದ್ದು ಸಿಗುತ್ತದೆ. ಈ ಕೃತಿಗೆ ಅದು ಬೇಕು. ಆದರೆ ನಮ್ಮ ಹವೆ ಅದಕ್ಕೆ ಶತ್ರು. ಮಳೆಗಾಲದಲ್ಲಿ ಕರುಳು ಉಬ್ಬಿ ಶ್ರುತಿ ಏರುಪೇರು, ಬಿರಡೆಗಳು ಊದಿಕೊಂಡು ತಿರುಗುವುದಿಲ್ಲ. ಎಸಿ ಸಭಾಂಗಣಕ್ಕೆ ಹೋದರೆ ಹತ್ತೇ ನಿಮಿಷದಲ್ಲಿ ಎಲ್ಲ ತಿರುವುಮುರುವು. 0.60 ಮಿಲಿಮೀಟರ್ ವ್ಯಾಸದ ಇ ತಂತಿ ಕರಾವಳಿಯ ಬೆವರಿಗೆ ಬೇಗ ಎಳೆಎಳೆಯಾಗಿ ಬಿಡುತ್ತದೆ. ಎದ್ದ ಎಳೆಯನ್ನು ಎಂದೂ ಕೀಳಬೇಡಿ, ಉಗುರು ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿ. ವಾರಕ್ಕೊಮ್ಮೆ ಬಾದಾಮಿ ಎಣ್ಣೆಯ ಒಂದು ಹನಿ ಬಟ್ಟೆಗೆ ಹಾಕಿ, ಬೆರಳು ಓಡಾಡುವ ಭಾಗಕ್ಕೆ ಮಾತ್ರ ಸವರಿ, ಕಮಾನು ಓಡುವ ಜಾಗಕ್ಕೆ ತಗಲಿಸಬೇಡಿ. ಕೊನೆಗೆ ನಾನು ರಾಜಿಯಾದದ್ದು ಹೀಗೆ: ಎ ಮತ್ತು ಡಿ ಕರುಳು, ಜಿ ತಂತಿಗೆ ಲೋಹ ಸುತ್ತಿದ ಕರುಳು, ಇ ಮಾತ್ರ ಉಕ್ಕು. ಶುದ್ಧವಾದಿಗಳು ಮೂಗುಮುರಿಯಬಹುದು. ಕಾರ್ಯಕ್ರಮದ ನಡುವೆ ತಂತಿ ಕಿತ್ತುಹೋಗುವುದಕ್ಕಿಂತ ಅದು ಮೇಲು. ಹಾಗೆಯೇ, ಸ-ಪ-ಸ-ಪ ಶ್ರುತಿಯಲ್ಲಿರುವ ಕರ್ನಾಟಕ ಪಿಟೀಲನ್ನೇ ದಿನಾ ಜಿ-ಡಿ-ಎ-ಇಗೆ ಏರಿಸಿ ಇಳಿಸಿ ಮಾಡಬೇಡಿ, ತಂತಿಗಳು ಸುಳ್ಳು ಹೇಳಲು ಶುರುಮಾಡುತ್ತವೆ. ಬೇರೆ ವಾದ್ಯ, ಇಲ್ಲವೇ ಬೇರೆ ತಂತಿಯ ಸೆಟ್.

ಬರೋಕ್ ಕಮಾನು ಇದ್ದರೆ ಒಳ್ಳೆಯದು. ಇಂದಿನ ಕಮಾನು ಸುಮಾರು 60 ಗ್ರಾಂ, ಬರೋಕ್ ಮಾದರಿ ಅದಕ್ಕಿಂತ ಹತ್ತು ಗ್ರಾಂನಷ್ಟು ಹಗುರ, ತುದಿ ಇನ್ನೂ ಹಗುರ. ನನ್ನ ಬಳಿ ಇದ್ದದ್ದು ಇಂದಿನದೇ. ಹಿಡಿಯಿಂದ 4 ಸೆಂಟಿಮೀಟರ್ ಮೇಲಕ್ಕೆ ಹಿಡಿದೆ, ಕೂದಲಿನ ಬಿಗಿ ಒಂದು ಸುತ್ತು ಕಮ್ಮಿ ಮಾಡಿದೆ. ಅರ್ಧ ಲಾಭ ಅಷ್ಟರಲ್ಲೇ ಸಿಕ್ಕಿತು.

ಮೊದಲ ಭಾಗದ ಆರಂಭ. ಬಾಸ್ ಒಂದೇ ಸ್ವರವನ್ನು ತಟ್ಟುತ್ತ ಶುರುಮಾಡುತ್ತದೆ. ಒಂದೊಂದು ಬಾರ್ ಬಿಟ್ಟು ಕೆಳಗಿನಿಂದ ಮೇಲಕ್ಕೆ ಉಳಿದ ವಾದ್ಯಗಳು ಸೇರುತ್ತವೆ. ಪ್ರತಿಯೊಂದು ಸೇರ್ಪಡೆಯೂ ಹಿಂದಿನದರ ಜೊತೆ ಕಚ್ಚಾಡುವ ಸ್ವರ. ರಾಗವಿಲ್ಲ, ಸಂಚಾರವಿಲ್ಲ. ಇಲ್ಲಿ ಎಲ್ಲರೂ ಮಾಡುವ ತಪ್ಪು ಎರಡು. ಒಂದು, ಮೊದಲ ಸ್ವರದಿಂದಲೇ ಜೋರು. ಎರಡು, ನಡುಕ ತೋರಿಸಲೆಂದು ಸ್ವರಗಳನ್ನು ಮೊಟಕು ಮಾಡಿ ಕುಣಿಸುವುದು. ಆಗ ಸ್ವರಸ್ವರದ ಘರ್ಷಣೆ ಕಿವಿಗೆ ಬೀಳುವ ಮೊದಲೇ ಮುಗಿದಿರುತ್ತದೆ. ತಾಲೀಮಿನಲ್ಲಿ ನಾವು ಮಾಡಿದ್ದು: ತಟ್ಟುವುದನ್ನು ಬಿಟ್ಟು ಪ್ರತಿ ಬಾರಿನ ಮೇಳವನ್ನು ಎಂಟೆಣಿಕೆ ಉದ್ದಕ್ಕೆ ಹಿಡಿದೆವು, ವೈಬ್ರಾಟೊ ಇಲ್ಲದೆ, ಬಹಳ ಮೆಲ್ಲಗೆ. ಯಾರ ಸ್ವರ ಯಾರ ಜೊತೆ ಉಜ್ಜುತ್ತಿದೆ ಎಂದು ಎಲ್ಲರಿಗೂ ಕೇಳಿಸಿದ ಮೇಲೆ ಮಾತ್ರ ತಟ್ಟಲು ಶುರು. ಕಮಾನಿನ ನಡುಭಾಗಕ್ಕಿಂತ ತುಸು ಮೇಲೆ, ಸ್ವರಕ್ಕೆ 2 ಸೆಂಟಿಮೀಟರ್, ತಂತಿ ಬಿಟ್ಟೇಳದೆ. ನಿಮಿಷಕ್ಕೆ 76 ಬೀಟಿನ ಲಯ ಇಟ್ಟೆವು. ಲಯದ ಜವಾಬ್ದಾರಿ ಚೆಲ್ಲೊದವರದು, ಬೇರೆ ಯಾರೂ ಕೈ ಕಾಲು ತಟ್ಟಬಾರದು. ಇಂದು ಕೆಲವು ತಂಡಗಳು ಇಲ್ಲಿ ಕಮಾನನ್ನು ಕುದುರೆಗೆ (ತಂತಿಗಳನ್ನು ಹೊರುವ ಮರದ ಸೇತುವೆ) ತಾಗಿಸಿ ಗಾಜು ಗೀಚಿದಂಥ ದನಿ ತೆಗೆಯುತ್ತವೆ. ವಿವಾಲ್ಡಿ ಹಾಗೆ ಬರೆದಿಲ್ಲ, ಆದರೆ ಕೇಳಲು ಮಜವಾಗಿರುತ್ತದೆ. ನಾವು ಪ್ರಯತ್ನಿಸಿ ಬಿಟ್ಟೆವು: ಶ್ರುತಿಯೇ ಕೇಳಿಸದ ಮೇಲೆ ಅಷ್ಟು ಕಷ್ಟಪಟ್ಟು ಹೊಂದಿಸಿದ ಘರ್ಷಣೆಗೆ ಬೆಲೆಯೇನು?

12ನೇ ಬಾರ್‌ನಲ್ಲಿ ಒಂಟಿ ಪಿಟೀಲಿನ ಪ್ರವೇಶ, ಅದೇ ಭೀಕರ ಗಾಳಿ. ಬೀಟಿಗೆ ಎಂಟು ಸ್ವರ. 76ರ ಲಯದಲ್ಲಿ ಸೆಕೆಂಡಿಗೆ ಹತ್ತು. ಸಂಖ್ಯೆ ಕೇಳಿ ಹೆದರಬೇಕಿಲ್ಲ, ಗಾಳಿ ಒಂದಷ್ಟು ಬೀಸಿ ನಿಲ್ಲುತ್ತದೆ, ನಡುವೆ ತಂಡದ ನಡುಕ ಮತ್ತೆ ಬಂದು ಉಸಿರಾಡಲು ಬಿಡುತ್ತದೆ. ನಾನು 40ರಿಂದ ಶುರುಮಾಡಿ ನಾಲ್ಕು ನಾಲ್ಕಾಗಿ ಏರಿಸಿದೆ. ಒಂದು ಮೆಟ್ಟಿಲಿನಲ್ಲಿ ಮೂರು ಬಾರಿ ಬಿಡದೆ ಸರಿಯಾಗಿ ಬಂದರೆ ಮಾತ್ರ ಮುಂದಿನದು. 60ರ ಸುತ್ತ ಎಲ್ಲರಿಗೂ ಒಂದು ಗೋಡೆ ಸಿಗುತ್ತದೆ. ಅಲ್ಲಿವರೆಗೆ ಒಂದೊಂದು ಸ್ವರಕ್ಕೂ ಮುಂಗೈ ಅಲುಗುತ್ತಿರುತ್ತದೆ, ಅಲ್ಲಿಂದಾಚೆ ಅದು ಸಾಗದು. ಗೋಡೆ ದಾಟಲು ಮೆಟ್ರೊನೋಮ್ (ಲಯ ತಟ್ಟುವ ಯಂತ್ರ) ಸಾಲದು, ಚಲನೆಯನ್ನೇ ಬದಲಿಸಬೇಕು. ಸ್ವರಕ್ಕೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಕಮಾನು ಬೇಡ, ಮಣಿಕಟ್ಟು ಸಡಿಲ, ತಂತಿಯಿಂದ ತಂತಿಗೆ ದಾಟಿಸುವುದು ಮೊಣಕೈ. ಮೊಣಕೈ ಮುಂದಿನ ತಂತಿಯ ಮಟ್ಟಕ್ಕೆ ಕಮಾನಿಗಿಂತ ಕೂದಲೆಳೆ ಮೊದಲೇ ತಲುಪಿರಬೇಕು. ಎಡಗೈ ತೆಗೆದು ಬರೀ ಬಿಡಿತಂತಿಗಳಲ್ಲಿ ಈ ದಾಟುವಿಕೆಯ ನಕ್ಷೆಯನ್ನಷ್ಟೇ ನುಡಿಸಿ ನೋಡಿ. ಅದು ತೊದಲಿದರೆ ಬೆರಳಿನ ತಪ್ಪಲ್ಲ ಎಂದು ಖಾತ್ರಿಯಾಗುತ್ತದೆ. ನನಗೆ ಆದದ್ದು ಅದೇ.

ಇನ್ನೊಂದು ಮಾತು: ಗಾಳಿಗೆ ಆಕಾರ ಬೇಕು. ಎಲ್ಲ ಸ್ವರಕ್ಕೂ ಒಂದೇ ಬಲ ಕೊಟ್ಟರೆ ಹೊಲಿಗೆಯಂತ್ರ. ಪ್ರತಿ ಬೀಟಿನ ಮೊದಲ ಸ್ವರಕ್ಕೆ ತೋರುಬೆರಳಿನ ಸಣ್ಣ ಒತ್ತು, ಉಳಿದ ಏಳು ಅದರ ಬಾಲ.

22ನೇ ಬಾರಿನ ಕಾಲು ಬಡಿಯುವ ಜಾಗ ತಂಡದ್ದು, ಸುಲಭ, ಎಲ್ಲರಿಗೂ ಇಷ್ಟ. ಅದಕ್ಕೇ ಅಲ್ಲಿ ಓಡುತ್ತಾರೆ. ನಾವು ಅಲ್ಲಿ ಒಂದೇ ನಿಯಮ ಇಟ್ಟುಕೊಂಡೆವು: ಬಾಸ್ ಕೇಳಿಸದಿದ್ದರೆ ನೀವು ಜೋರಾಗಿದ್ದೀರಿ.

ಹಲ್ಲು ಕಡಿಯುವುದು 47ನೇ ಬಾರ್‌ನಿಂದ. ಎರಡು ತಂತಿ ಒಟ್ಟಿಗೆ, ಬೀಟಿಗೆ ಎಂಟರಂತೆ ಮರುಕಳಿಸುವ ಸ್ವರ, ಕೈ ಮೇಲಿನ ಪೊಸಿಷನ್ನುಗಳಲ್ಲಿ. ಇಡೀ ಕೃತಿಯಲ್ಲಿ ನನಗೆ ಹೆಚ್ಚು ದಿನ ಹಿಡಿದದ್ದು ಇದು, ನಾಲ್ಕು ವಾರ. ಬಲಗೈ ನಡುಗಿಸಬೇಕು ಎಂದ ಕೂಡಲೇ ಎಡಗೈಯೂ ಬಿಗಿಯುತ್ತದೆ, ಹೆಬ್ಬೆರಳು ಕತ್ತನ್ನು ಹಿಸುಕುತ್ತದೆ, ಹಿಸುಕಿದ ಕೈ ಪೊಸಿಷನ್ ಬದಲಿಸಲಾರದು. ಆದ್ದರಿಂದ ಎರಡನ್ನೂ ಬೇರ್ಪಡಿಸಿ ಕಲಿಯಬೇಕಾಯಿತು. ಮೊದಲು ಮರುಕಳಿಕೆ ತೆಗೆದುಹಾಕಿ ಬರೀ ಜೋಡಿಸ್ವರಗಳನ್ನು ಎರಡೆರಡು ಬೀಟು ಉದ್ದಕ್ಕೆ ನುಡಿಸಿ. ಕೆಳಗಿನ ಸ್ವರ ಸರಿಮಾಡಿಕೊಂಡು ಅದಕ್ಕೆ ಮೇಲಿನದನ್ನು ಹೊಂದಿಸಿ. ತಿರುಗಾಮುರುಗಾ ಮಾಡಿದರೆ ಎರಡೂ ತೇಲುತ್ತವೆ. ಬೆರಳಿನ ಒತ್ತಡ ಎಷ್ಟು ಸಾಕೆಂದು ತಿಳಿಯಲು, ತಂತಿ ಸಿಳ್ಳೆಹಾಕುವಷ್ಟು ಹಗುರ ಮುಟ್ಟಿ, ನಿಧಾನ ಒತ್ತುತ್ತ ಹೋಗಿ, ಸ್ವರ ತಿಳಿಯಾದ ಕ್ಷಣ ನಿಲ್ಲಿಸಿ. ಅಷ್ಟೇ ಬೇಕಾದದ್ದು. ಆಮೇಲೆ ಬಲಗೈ ಬೇರೆಯಾಗಿ: ಎರಡು ಬಿಡಿತಂತಿಗಳ ಮೇಲೆ ಕಮಾನು ಚಪ್ಪಟೆಯಾಗಿ ಕೂತು, ದಪ್ಪ ತಂತಿಯ ಕಡೆ ತುಸು ಹೆಚ್ಚು ಭಾರ, ಅರ್ಧ ಸೆಂಟಿಮೀಟರ್ ಚಲನೆ. ಮೂರನೇ ವಾರ ಎರಡನ್ನೂ ಕೂಡಿಸಿದೆ, ದಿನಕ್ಕೆ ಐದು ನಿಮಿಷಕ್ಕಿಂತ ಹೆಚ್ಚಲ್ಲ. ಮುಂಗೈ ಉರಿಯಲು ಶುರುವಾದ ಮೇಲೆ ಮಾಡುವ ಅಭ್ಯಾಸ ಬಿಗಿತವನ್ನೇ ಕಲಿಸುತ್ತದೆ. ದನಿ ಸಣ್ಣದಿರಲಿ, ಹಲ್ಲು ಕಡಿಯುವವನು ಕೂಗುವುದಿಲ್ಲ.

ಲಾರ್ಗೊಗೆ ಬಂದರೆ ಎಲ್ಲ ಬದಲಾಗುತ್ತದೆ. ಶ್ರುತಿ ಇ ಫ್ಲಾಟ್ ಮೇಜರ್. ಈಗ ಜಿ ಬಿಡಿತಂತಿ ಅದರ ಗಾಂಧಾರ, ಡಿ ಬಿಡಿತಂತಿ ನಿಷಾದ. ಇಷ್ಟು ಹೊತ್ತು ಬಾಯಿಕಟ್ಟಿ ಕೂತಿದ್ದ ವಾದ್ಯ ಬಿಚ್ಚಿಕೊಳ್ಳುತ್ತದೆ. ಇರುವುದು ಬರೀ 18 ಬಾರ್. ತಂಡದ ಪಿಟೀಲುಗಳು ಕಮಾನು ಬಿಟ್ಟು ಬೆರಳಿನಿಂದ ಮೀಟುತ್ತವೆ, ಅದು ಮಳೆ. ವಿಯೋಲ ಉದ್ದ ಸ್ವರ ಹಿಡಿಯುತ್ತದೆ. ಒಂಟಿ ಪಿಟೀಲು ಬೆಂಕಿಯ ಪಕ್ಕ ಕೂತು ಹಾಡುತ್ತದೆ. ಲಯ ಎಷ್ಟು ಎಂಬುದರ ಮೇಲೆ ಜಗಳ ಮುಗಿಯುವುದಿಲ್ಲ. ನಿಮಿಷಕ್ಕೆ 36 ಬೀಟು ಇಟ್ಟರೆ ಇಡೀ ಭಾಗಕ್ಕೆ ಎರಡು ನಿಮಿಷ, ಮಳೆಹನಿ ಸೆಕೆಂಡಿಗೆ ಎರಡೂವರೆಯೂ ಇಲ್ಲ, ಸೋರುವ ನಲ್ಲಿ. 56 ಇಟ್ಟರೆ ಸೆಕೆಂಡಿಗೆ ನಾಲ್ಕಕ್ಕೆ ಹತ್ತಿರ, ನಿಜವಾದ ಮಳೆ, ಆದರೆ ಹಾಡುವವರು ಉಸಿರು ಬಿಗಿಹಿಡಿಯಬೇಕು. ನಾನು 48ಕ್ಕೆ ಒಪ್ಪಿದೆ. ಮೀಟುವವರು ‘ಮಳೆ’ ಎಂದೊಡನೆ ಆಗುಂಬೆಯದನ್ನು ನೆನೆಸಿಕೊಂಡು ಬಾರಿಸಿಬಿಡುತ್ತಾರೆ. ಇದು ಆಷಾಢದ ಸುರಿಮಳೆಯಲ್ಲ, ಕಿಟಕಿಯಾಚೆಯ ಜಿಟಿಜಿಟಿ. ಬೆರಳ ಹಲಗೆಯ ಕೊನೆಯಿಂದ 3–4 ಸೆಂಟಿಮೀಟರ್ ಒಳಗೆ, ಬೆರಳ ತುದಿಯ ಮಾಂಸದಿಂದ, ಉಗುರು ತಾಗದಂತೆ ಮೀಟಿ. ಮೀಟುವ ಕೈ ಯಾವಾಗಲೂ ಮುಂದೆ ಓಡುತ್ತದೆ, ಹಾಡುವವರು ಯಾವಾಗಲೂ ಹಿಂದೆ ಎಳೆಯುತ್ತಾರೆ. 18 ಬಾರಿನಲ್ಲಿ ಅರ್ಧ ಬೀಟು ಬಿರುಕು ಬಿಡುವುದು ಸಾಮಾನ್ಯ. ಮದ್ದು: ಒಂಟಿ ಪಿಟೀಲಿಲ್ಲದೆ ಮಳೆಯನ್ನಷ್ಟೇ ಬಾಸ್ ಜೊತೆ ಹತ್ತು ಬಾರಿ ನುಡಿಸಿ. ಆಮೇಲೆ ಹಾಡುವವರು ತಮಗೆ ಬೇಕಾದಲ್ಲಿ ತಡಮಾಡಲಿ, ಮಳೆ ಯಾರಿಗೂ ಕಾಯಬಾರದು.

ಅಲಂಕಾರದ ವಿಷಯಕ್ಕೆ ಕರ್ನಾಟಕ ಪಿಟೀಲು ಕಲಿತವರು ಹುಷಾರಾಗಬೇಕು. ಬರೆದ ಸ್ವರ ಬರೀ ಎಲುಬು, ಮಾಂಸ ತುಂಬುವುದು ನುಡಿಸುವವರ ಕೆಲಸ; ಈ ತತ್ವ ನಮಗೆ ಹೊಸತಲ್ಲ. ಆದರೆ ತುಂಬುವ ಮಾಂಸ ಬೇರೆ. ಇಲ್ಲಿ ಸ್ವರದಿಂದ ಸ್ವರಕ್ಕೆ ಜಾರು ಇಲ್ಲ, ಕಂಪಿತ ಇಲ್ಲ. ಇರುವುದು ಮೇಲಿನ ಸ್ವರದಿಂದ ಒರಗಿ ಇಳಿಯುವುದು, ಎರಡು ಸ್ವರದ ನಡುವಿನ ಖಾಲಿ ತುಂಬುವ ಮೆಟ್ಟಿಲುಗಳು, ಮುಕ್ತಾಯದಲ್ಲಿ ಮೇಲಿನ ಸ್ವರದಿಂದ ಶುರುವಾಗುವ ಟ್ರಿಲ್ (ಅಕ್ಕಪಕ್ಕದ ಎರಡು ಸ್ವರಗಳ ವೇಗದ ಅದಲುಬದಲು). ಪ್ರತಿ ಸ್ವರಕ್ಕೂ ತನ್ನದೇ ಜಾಗ, ಬೆರಳು ಇಟ್ಟರೆ ಇಟ್ಟಲ್ಲೇ. ವರ್ಷಗಳಿಂದ ಒಂದೆರಡು ಬೆರಳಿನಲ್ಲಿ ಜಾರಿ ಅಭ್ಯಾಸವಾದ ಕೈಗೆ ಇದು ಕಷ್ಟ, ಕಿವಿಗೆ ಇನ್ನೂ ಕಷ್ಟ, ಏಕೆಂದರೆ ಅಲುಗದ ಸ್ವರ ನಮಗೆ ಅರೆಬೆಂದಂತೆ ಕೇಳುತ್ತದೆ. ಇದಕ್ಕೆ ನಾನು ಮೊದಲು ಅಲಂಕಾರವಿಲ್ಲದೆ ಒಂದು ವಾರ, ಆಮೇಲೆ ಎರಡು ಬಾರ್‌ಗೆ ಒಂದರಂತೆ ಅಲಂಕಾರ ಸೇರಿಸಿ, ಧ್ವನಿಮುದ್ರಿಸಿ ಕೇಳಿ, ಅರ್ಧಕ್ಕರ್ಧ ಅಳಿಸಿದೆ. ವೈಬ್ರಾಟೊ ಬಗ್ಗೆ ಆ ಕಾಲದವರಲ್ಲೇ ಒಮ್ಮತವಿರಲಿಲ್ಲ. 1751ರಲ್ಲಿ ಇಟಲಿಯ ಪಿಟೀಲುಗಾರ ಜೆಮಿನಿಯಾನಿ ಆದಷ್ಟೂ ಬಳಸಿ ಎಂದ. ಐದೇ ವರ್ಷದ ಮೇಲೆ ಲಿಯೊಪೋಲ್ಡ್ ಮೊಟ್ಸಾರ್ಟ್ (ಪ್ರಸಿದ್ಧ ಮೊಟ್ಸಾರ್ಟನ ತಂದೆ), ಪ್ರತಿ ಸ್ವರಕ್ಕೂ ಚಳಿಜ್ವರ ಬಂದವರಂತೆ ನಡುಗುವವರನ್ನು ಗೇಲಿಮಾಡಿದ. ಲಾರ್ಗೊದಲ್ಲಿ ಉದ್ದ ಸ್ವರಗಳ ಎರಡನೇ ಅರ್ಧಕ್ಕೆ ಮಾತ್ರ ನಾನು ಬಳಸಿದೆ, ಮೊದಲ ಭಾಗದಲ್ಲಿ ಎಲ್ಲೂ ಇಲ್ಲ.

ಮೂರನೇ ಭಾಗ ಒಂಟಿ ಪಿಟೀಲಿನಿಂದಲೇ ತೆರೆಯುತ್ತದೆ. ಕೆಳಗೆ ಬಾಸ್ ಒಂದೇ ಎಫ್ ಸ್ವರವನ್ನು ನಮ್ಮ ತಂಬೂರಿಯಂತೆ ಹಿಡಿದಿರುತ್ತದೆ, ಮೇಲೆ ಪಿಟೀಲು ಮಂಜಿನ ಮೇಲೆ ಜಾರುತ್ತದೆ. 3/8 ಲಯ. ಮೂರಾಗಿ ಎಣಿಸಿದರೆ ಕುಂಟುತ್ತದೆ, ಬಾರ್‌ಗೆ ಒಂದೇ ಬೀಟಿನಂತೆ ನಿಮಿಷಕ್ಕೆ 56ರ ಸುತ್ತ ಎಣಿಸಿ. ಇಲ್ಲಿ ಮೊದಲ ಭಾಗಕ್ಕೆ ತದ್ವಿರುದ್ಧ: ಕಮಾನು ಉದ್ದ, ಭಾರ ಕಡಿಮೆ, ಕುದುರೆಯಿಂದ ದೂರ. ಕಮಾನು ತಿರುಗುವ ಜಾಗ ಕೇಳಿಸಿದರೆ ಮಂಜಿಗೆ ಬಿರುಕು ಬಿತ್ತು ಅಂತಲೇ. ಚೆಲ್ಲೊ ಇಬ್ಬರಿದ್ದರೆ ಅವರು ಕಮಾನು ತಿರುಗಿಸುವುದು ಬೇರೆಬೇರೆ ಬಾರಿನಲ್ಲಿ ಇರಲಿ. ಒಬ್ಬರೇ ಆದರೆ ಆರ್ಗನ್ ಆ ಎಫ್ ಅನ್ನು ಹಿಡಿದಿಡಲಿ. ನಮ್ಮಲ್ಲಿ ಒಬ್ಬರೇ ಇದ್ದರು. ಒಟ್ಟು ತಂಡ ಎಂಟು ಜನ: ಒಂಟಿ ಪಿಟೀಲು, ಎರಡು ಮೊದಲ ಪಿಟೀಲು, ಎರಡು ಎರಡನೇ ಪಿಟೀಲು, ವಿಯೋಲ, ಚೆಲ್ಲೊ, ಕೀಬೋರ್ಡ್. ಭಾಗಕ್ಕೊಬ್ಬರಂತೆ ಆರೇ ಜನರಲ್ಲೂ ನಡೆಯುತ್ತದೆ, ಹದಿನೈದು ದಾಟಿದರೆ ಹಲ್ಲು ಕಡಿಯುವ ಜಾಗದಲ್ಲಿ ಒಂಟಿ ಪಿಟೀಲು ಮುಳುಗುತ್ತದೆ.

ಹೆದರಿ ಹೆಜ್ಜೆಯಿಡುವುದು, ಬೀಳುವುದು, ಓಡುವುದು, ಗಡ್ಡೆ ಬಿರಿಯುವುದು ಬೇಗಬೇಗ ಬಂದುಹೋಗುತ್ತವೆ. ಬೀಳುವ ಜಾಗದಲ್ಲಿ ವಾದಕರು ತಾವೇ ಲಯದಿಂದ ಬಿದ್ದುಬಿಡುತ್ತಾರೆ. ಇಳಿಯುವ ಸ್ವರಸಾಲಿಗೆ ಕೈ ತಾನಾಗಿ ವೇಗ ಹಿಡಿಯುತ್ತದೆ. ಕೆಳಗಿನ ಸ್ವರದ ಮೇಲೆ ಬೀಟು ಎಲ್ಲಿದೆ ಎಂದು ಚೆಲ್ಲೊದವರನ್ನು ನೋಡಿ. ಆಮೇಲೆ ಲೆಂತೊ (ನಿಧಾನ) ಎಂದು ಬರೆದ ಜಾಗ, ಬೆಚ್ಚಗಿನ ದಕ್ಷಿಣದ ಗಾಳಿ ಸಿರೊಕ್ಕೊ. ಸ್ವಲ್ಪವೇ ಹೊತ್ತು ಲಾರ್ಗೊದ ಕಾವು ಮರಳಿದಂತಾಗುತ್ತದೆ. ಇಲ್ಲಿಂದ ಉತ್ತರದ ಗಾಳಿ ಬೊರಿಯಾ ನುಗ್ಗುವ ಕ್ಷಣವನ್ನು ನಾವು ತಾಲೀಮಿನಲ್ಲಿ ಇಪ್ಪತ್ತು ಬಾರಿಯಾದರೂ ಮಾಡಿದೆವು. ಸಿರೊಕ್ಕೊದ ಕೊನೆಯ ಸ್ವರ ಮುಗಿಸಿ ಒಂಟಿ ಪಿಟೀಲು ಕಮಾನನ್ನು ತಂತಿಯ ಮೇಲೆ ಸದ್ದಿಲ್ಲದೆ ಇಟ್ಟಿರಬೇಕು. ಗಾಳಿಯಲ್ಲಿ ಎತ್ತಿ ಬೀಸಿ ಇಳಿಸಿದರೆ ಮೊದಲ ನಾಲ್ಕು ಸ್ವರ ಪುಡಿ. ಹೊಸ ಲಯವನ್ನು ತಲೆಯಾಡಿಸಿ ತೋರಿಸಬೇಡಿ, ಒಂದು ಗಟ್ಟಿ ಉಸಿರೆಳೆದರೆ ಎಂಟು ಜನಕ್ಕೂ ಕೇಳಿಸುತ್ತದೆ.

ಆ ಗಾಳಿಕದನಕ್ಕೆ 12ನೇ ಬಾರಿನಲ್ಲಿ ಕಲಿತ ಅದೇ ಮೊಣಕೈ, ಅದೇ ಒಂದು ಸೆಂಟಿಮೀಟರ್ ಸಾಕು. ಕೊನೆಯ ಸಾಲುಗಳಲ್ಲಿ ಲಯ ಎಳೆದು ಗಂಭೀರವಾಗಿ ಮುಗಿಸುವ ರೂಢಿ ಕೆಲವರಲ್ಲಿದೆ. ಸಾನೆಟ್ಟಿನ ಕೊನೆಯ ಸಾಲು ಹೇಳುವುದು ಈ ಚಳಿಗಾಲವೂ ಖುಷಿ ತರುತ್ತದೆ ಎಂದು. ಎಳೆಯಬೇಡಿ. ಕೊನೆಯ ಸ್ವರಕ್ಕೆ ಡೌನ್ ಬೋ (ಹಿಡಿಯಿಂದ ತುದಿಯ ಕಡೆಗಿನ ಕಮಾನೆಳೆತ) ಬರುವಂತೆ ನಾಲ್ಕು ಬಾರ್ ಮೊದಲೇ ಲೆಕ್ಕಹಾಕಿ, ಲಯದಲ್ಲೇ ನುಡಿಸಿ, ಕಮಾನನ್ನು ತಂತಿಯ ಮೇಲೇ ನಿಲ್ಲಿಸಿ.